ಶುದ್ಧ ಲೈನು

ಕಾಲು ಅಲ್ಲಾಡಬಾರದು ಎಂದು ಶಶಿಕುಮಾರ ಆ ಭಾನುವಾರ ಬೆಳಗ್ಗೆ ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗ ಹಲ್ಲುಜ್ಜುತ್ತಿದ್ದ, ಬಲಗಾಲಿನ ಹಿಮ್ಮಡಿ ಬಚ್ಚಲಿನ ಒದ್ದೆ ನೆಲವನ್ನು ಒಂದೇ ಸಮನೆ ತಟ್ಟುತ್ತಿತ್ತು. ಯಾವ ಹಾಡಿಗೆ ಎಂದು ಅವನಿಗೇ ತಿಳಿಯದು. ನಲವತ್ನಾಲ್ಕು ವರ್ಷದ ಕಾಲು, ಹೊಳೆನರಸೀಪುರದ ಕಾಲೇಜಿನಲ್ಲಿ ಹದಿನಾರು ವರ್ಷ ಭೌತಶಾಸ್ತ್ರ ಹೇಳುತ್ತ ನಿಂತ ಕಾಲು, ಹನ್ನೊಂದು ಗಂಟೆಗೆ ತಿರುನಾರಾಯಣರೂ ಸುದರ್ಶನನೂ ಮನೆಗೆ ಬಂದು ಕೂತ ಮೇಲೆ ಅವರೆದುರು ಹೀಗೆ ಕುಣಿದುಬಿಟ್ಟರೆ? ಎರಡು ವರ್ಷದ ಹಿಂದೆ ಹಾಸನದ ಕೋಟೆ ಬೀದಿಯ ತಿರುನಾರಾಯಣರ ಮನೆಯಲ್ಲಿ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಹೊದಿಸಿದ ಆ ಕೋಣೆಯಲ್ಲಿ ಮೊದಲ ಸಲ ಕೂತಾಗ ಅದು ಕುಣಿದಿತ್ತು. ತಿರುನಾರಾಯಣರು ತಿರುಗುವ ಗ್ರಾಮಫೋನ್ ತಟ್ಟೆಯ ಮೇಲಿನ ಸೂಜಿಯಿಂದ ಕಣ್ಣು ತೆಗೆಯದೆ, ದೇವರ ಮನೆಯಲ್ಲಿ ಮಾತಾಡಿದಷ್ಟು ಮೆಲ್ಲಗೆ, "ಕಾಲು ಸ್ವಲ್ಪ ಶಶಿ... ನೆಲ ಅದುರಿದ್ರೆ ಸೂಜಿಗೆ ಗೊತ್ತಾಗುತ್ತಪ್ಪ" ಎಂದಿದ್ದರು. ಸುದರ್ಶನ ನಕ್ಕಿದ್ದ. "ಬಿಡಿ ಸಾರ್, ಅವ್ರಿಗೆ ಅದು ರಕ್ತದಲ್ಲೇ ಬಂದಿರುತ್ತೆ. ತಮಟೆ ಕೇಳ್ಕಂಡು ಬೆಳೆದೋರು." ಹೊಗಳಿಕೆ ಎಂದುಕೊಂಡೇ ಹೇಳಿದ್ದ. ಶಶಿಕುಮಾರನ ಅಪ್ಪ ದ್ಯಾವಯ್ಯ ಜನ್ಮದಲ್ಲಿ ತಮಟೆ ಮುಟ್ಟಿದವನಲ್ಲ; ಅರಕಲಗೂಡು ಕಡೆಯ ನಾಲೆಯ ತೂಬು ಕಾಯುತ್ತಿದ್ದ, ನೀರಿನ ಸದ್ದು ಬಿಟ್ಟರೆ ಬೇರೆ ಸದ್ದನ್ನು ಸಹಿಸದವನು. ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ತಾನೂ ನಕ್ಕಿದ್ದ. ಈಗ ಬಾಯಿ ಮುಕ್ಕಳಿಸಿ ಉಗುಳುವಾಗ ಆ ನಗೆ ಪೇಸ್ಟಿನ ಜೊತೆ ಒಂದಿಷ್ಟು ಹೊರಗೆ ಬಂದ ಹಾಗಾಯಿತು, ಪೂರಾ ಬರಲಿಲ್ಲ.

ಹಾಡು ಕೇಳುವ ಈ ಮೂವರ ಕೂಟದ ಪದ್ಧತಿ ಹೀಗೆ: ತಿಂಗಳಿಗೊಂದು ಭಾನುವಾರ ಒಬ್ಬರ ಮನೆ. ಮನೆಯವನು ಒಂದು ಹಾಡಿನ ಮೊದಲ ತೊಂಬತ್ತು ಸೆಕೆಂಡು ಕೇಳಿಸಬೇಕು. ಸೂಜಿ ಎತ್ತಬೇಕು. ಉಳಿದವರು ಕಣ್ಣು ಮುಚ್ಚಿರುವಾಗ ಒಂದು ವೈರನ್ನೋ ಪೆಟ್ಟಿಗೆಯನ್ನೋ ಬದಲಿಸಿ, ಅದೇ ತೊಂಬತ್ತು ಸೆಕೆಂಡನ್ನು ಮತ್ತೆ ಕೇಳಿಸಬೇಕು. ಏನು ವ್ಯತ್ಯಾಸವಾಯಿತು ಎಂದು ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಹೋದ ತಿಂಗಳು ಶಶಿಕುಮಾರನಿಗೆ ಏನೂ ಕೇಳಿಸಿರಲಿಲ್ಲ. ತಾಮ್ರದ ತಂತಿಯಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂದು ಪ್ರತಿ ವರ್ಷ ಎಂಬತ್ತು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಮೇಷ್ಟರಿಗೆ ಕೇಳಿಸದಿರುವುದೇ ನ್ಯಾಯವಾಗಿತ್ತು. ಆದರೂ ತಿರುನಾರಾಯಣರ ಹುಬ್ಬು ಒಂದಿಷ್ಟು ಮೇಲೆ ಹೋದದ್ದನ್ನು ಅರೆಗಣ್ಣಿನಲ್ಲಿ ನೋಡಿ, 'ವೀಣೆಯ ಸುತ್ತ ಗಾಳಿ ಹೆಚ್ಚಾಗಿದೆ' ಎಂದು ಬರೆದಿದ್ದ. ಗಾಳಿ! ಹಿರಿಯರು ಚೀಟಿ ಓದಿ ಅವನ ಭುಜ ತಟ್ಟಿದರು. "ನಿಮ್ಗೆ ಕಿವಿ ಬಂತು ಶಶಿ." ಕಿವಿ ಬಂತು. ಅಲ್ಲಿಯವರೆಗೆ ಇರಲಿಲ್ಲವೆಂದು, ಅದನ್ನು ಅವರು ಕೊಟ್ಟರೆಂದು. ಆ ಮಾತಿನಿಂದ ಅವನಿಗೆ ಎಷ್ಟು ಸುಖವಾಗಿತ್ತೆಂದರೆ ಸಾಲಗಾಮೆ ರಸ್ತೆಯುದ್ದಕ್ಕೂ ಸ್ಕೂಟರಿನಲ್ಲಿ ಒಬ್ಬನೇ ತಲೆ ಅಲ್ಲಾಡಿಸುತ್ತ ಬಂದಿದ್ದ. ಮನೆಗೆ ಬಂದು ಗಾಡಿ ನಿಲ್ಲಿಸಿದಾಗ, ಎರಡು ವರ್ಷದಿಂದ ಅಲ್ಲಿ ಕೇಳಿದ ಯಾವ ಹಾಡಿನ ತೊಂಬತ್ತೊಂದನೆಯ ಸೆಕೆಂಡಿನಲ್ಲಿ ಏನಿದೆ ಎಂಬುದೂ ತನಗೆ ಗೊತ್ತಿಲ್ಲ ಎಂದು ಹೊಳೆದಿತ್ತು.

ಹೆಂಡತಿ ಸ್ನೇಹಲತಾ ಅಡುಗೆಮನೆಯಿಂದ ಕೇಳಿದಳು, "ಸ್ವಾಮಿಗಳು ಬರೋಷ್ಟ್ರಲ್ಲಿ ಕುಕ್ಕರ್ ಕೂಗಿಸ್ಕೋಬಹುದಾ, ಇಲ್ಲಾ ಇವತ್ತೂ ಬೇಳೇನ ತಪ್ಪಲೇಲಿ ಬೇಯಿಸ್ಬೇಕಾ?" ಅವಳ ಕುಹಕದಲ್ಲಿ ಕೋಪ ಇರುತ್ತಿರಲಿಲ್ಲ, ಅದೇ ಕಷ್ಟ. "ಹತ್ತೂವರೆಯೊಳಗೆ ಕೂಗಿಸ್ಕೋ" ಎಂದ. "ಫ್ರಿಜ್ಜು?" "ಅವ್ರು ಬಂದ್ಮೇಲೆ ಒಂದು ಗಂಟೆ ಆಫ್ ಮಾಡೋಣ." "ನಾನು? ನನ್ನೂ ಆಫ್ ಮಾಡ್ತೀರೋ ಹೆಂಗೆ?" ಅವನು ಹಾಲಿಗೆ ಬಂದ. ನೆಲದಿಂದ ಎದೆಮಟ್ಟ ನಿಂತ ಎರಡು ಕರಿಯ ಸ್ಪೀಕರುಗಳು, ಮಧ್ಯೆ ಆಂಪ್ಲಿಫೈಯರು, ಪಕ್ಕದಲ್ಲಿ ತಟ್ಟೆ ತಿರುಗುವ ಪೆಟ್ಟಿಗೆ. ಗೋಡೆಯಲ್ಲಿ ಇವುಗಳಿಗೆಂದೇ ಬೇರೆ ಬಣ್ಣದ ಎರಡು ಸಾಕೆಟ್ಟು. ಮನೆಯ ಮಿಕ್ಕ ಕರೆಂಟಿನ ಜೊತೆ ಬೆರೆಯದ ಹಾಗೆ ಮೀಟರಿನಿಂದ ನೇರ ಎಳೆಸಿದ ಲೈನು. ತಿರುನಾರಾಯಣರು ಅದನ್ನು 'ಶುದ್ಧ ಲೈನು' ಎನ್ನುತ್ತಿದ್ದರು. ಮಿಕ್ಸಿ, ಮೋಟರು, ಅಗ್ಗದ ಚಾರ್ಜರುಗಳು ಕರೆಂಟಿಗೆ ಕೊಳೆ ಬಿಡುತ್ತವಂತೆ. ಆ ಕೊಳೆ ಹಾಡಿಗೆ ಅಂಟುತ್ತದಂತೆ. ಆ ಲೈನಿಗೆ ಅರ್ಥಿಂಗೂ ಬೇರೆ ಬೇಕು ಎಂದರು. ಶಶಿಕುಮಾರ ಹಿತ್ತಲಿನ ಮೂಲೆಯಲ್ಲಿ ಏಳಡಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಪೈಪು ಇಳಿಸಿದ. ಬೇಸಿಗೆಯಲ್ಲಿ ದಿನಾ ಅದಕ್ಕೊಂದು ಕೊಡ ನೀರು ಹುಯ್ಯಬೇಕು. ಹುಯ್ಯುತ್ತಿದ್ದವಳು ಚಿಕ್ಕಮ್ಮ.

ಚಿಕ್ಕಮ್ಮ ಎಂದರೆ ಅವ್ವನ ತಂಗಿ. ಅವ್ವ ಸತ್ತಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಹಿತ್ತಲಿನ ಶೀಟಿನ ಮನೆಯಲ್ಲಿ, ಒಳಗೆ ಬಾ ಎಂದು ಎಷ್ಟು ಕರೆದರೂ ಬಾರದೆ, ಸಾಲಗಾಮೆ ಪಕ್ಕದ ಒಂದೆಕರೆ ಗುತ್ತಿಗೆ ಹೊಲಕ್ಕೆ ಆಲೂಗೆಡ್ಡೆ ಹಾಕಿಕೊಂಡು ಯಾರ ಹಂಗೂ ಇಲ್ಲದೆ ಇದ್ದಳು. ಅವಳದೊಂದು ರೇಡಿಯೋ. ಬೆಳಗ್ಗೆ ಆರಕ್ಕೆ ಹಾಕಿದರೆ ರಾತ್ರಿಯೇ ಆರಿಸುವುದು. ಮೂರು ತಿಂಗಳ ಹಿಂದೆ ಶಶಿಕುಮಾರ ಆ ಶೀಟಿನ ಮನೆಗೆ ಹೋಗಿ, ಆಚೀಚೆ ನೋಡಿ, ರೇಡಿಯೋದ ಕಿತ್ತುಹೋದ ಅಡಾಪ್ಟರು ಕೈಯಲ್ಲಿ ಹಿಡಿದು, "ಇದು ಲೈನಿಗೆ ಕೊಳೆ ಬಿಡ್ತದೆ ಚಿಕ್ಕಮ್ಮ" ಎಂದಿದ್ದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದ್ದಳು. "ಕೊಳೆಯಾ?" "ಹೂಂ, ಕರೆಂಟಿಗೆ. ಅಂದ್ರೆ... ಒಳಗೆ ನಮ್ಮ ಸಿಸ್ಟಮ್ಮು..." "ಓ. ಒಳಗಿಂದಕ್ಕೆ." ಅಷ್ಟೇ. ತಾನೇ ತಂತಿ ಸುತ್ತಿ ರೇಡಿಯೋವನ್ನು ಅವನ ಕೈಗಿಟ್ಟಳು. ಅವನದನ್ನು ಅಟ್ಟದ ಮೇಲಿಟ್ಟ. ಅಂದಿನಿಂದ ಹಿತ್ತಲಲ್ಲಿ ಸದ್ದಿಲ್ಲ. ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದ. ಗ್ಯಾಸು ಎಂದು ಸ್ನೇಹಲತಾಗೆ ಹೇಳಿದ್ದ. ಮುಟ್ಟಬೇಡ, ದೂರ ನಿಲ್ಲು, ನಿನ್ನಿಂದ ಕೊಳೆಯಾಗುತ್ತದೆ: ಈ ಮಾತುಗಳನ್ನು ಅವನ ಜನಕ್ಕೆ ಯಾರು ಯಾರೋ ಎಷ್ಟು ತಲೆಮಾರು ಹೇಳಿದರು, ಈಗ ಅವನ್ನು ಹೇಳಲು ಹೊರಗಿನವರು ಯಾರೂ ಬೇಕಾಗಿರಲಿಲ್ಲ. ಹಾಸ್ಟೆಲಿನ ದಿನಗಳಲ್ಲಿ ಅರಕಲಗೂಡಿನ ಓದುಬಳಗದಲ್ಲಿ ಮುಷ್ಟಿ ಕಟ್ಟಿ ಮಾತಾಡುತ್ತಿದ್ದವನು, ಮಡಿಯ ಒಂದೊಂದು ಬೇರನ್ನೂ ಹೆಸರು ಹಿಡಿದು ಕಿತ್ತವನು, ಕೊನೆಗೆ ಇದ್ದಿಲು ಉಪ್ಪು ಹಾಕಿ ತನ್ನದೇ ಹಿತ್ತಲಲ್ಲಿ ಅದನ್ನು ನೆಟ್ಟಿದ್ದ.

ಅವನ ಚಿಕ್ಕಂದಿನಲ್ಲಿ ಊರ ಗೌಡರ ಜಗಲಿಯ ಮೇಲೆ ರೇಡಿಯೋ ಇತ್ತು. ಅಂಗಳದಾಚೆ ಹುಣಸೆಮರ, ಅಲ್ಲಿಯವರೆಗೆ ಕೇರಿಯವರು ಬರಬಹುದು. ಹುಣಸೆಮರದ ಕೆಳಗೆ ಚಿಕ್ಕಮ್ಮ ನಿಂತಿರುತ್ತಾಳೆ, ಸೊಂಟದಲ್ಲಿ ಅವನು. ಹಾಡು ಗಾಳಿ ಬೀಸಿದಾಗ ಹತ್ತಿರ ಬರುತ್ತದೆ, ನಿಂತಾಗ ದೂರ ಹೋಗುತ್ತದೆ. ಅವಳ ಸೊಂಟ ಅಲ್ಲಾಡುತ್ತದೆ, ಅವನ ಕಾಲು ಅವಳ ತೊಡೆಗೆ ಬಡಿಯುತ್ತದೆ. ಎರಡನೆಯ ಚರಣ ಮುಗಿದು ಇನ್ನೇನು ಕೊನೆಯದು ಬರಬೇಕು, ಗೌಡರು ಎದ್ದು ರೇಡಿಯೋದ ಕಿವಿ ತಿರುಚುತ್ತಾರೆ: ಟಪ್. ಅವರಿಗೆ ಅವರ ಊಟದ ಹೊತ್ತು. ಇವರನ್ನು ನೋಡಿಯೇ ಆರಿಸುತ್ತಿದ್ದರು ಎಂದೇನೂ ಅಲ್ಲ. ಇವರು ನಿಂತಿರುವುದು ಅವರ ಗಮನದಲ್ಲೇ ಇರುತ್ತಿರಲಿಲ್ಲ. ಕತ್ತಲಾಗುವ ಮುಂಚೆ ಕೇರಿಗೆ ಮರಳುವ ಏರಿಯ ಮೇಲೆ ಅವನು ಅಳುತ್ತಾನೆ, ಆಮೇಲೇನಾಯ್ತು, ಆಮೇಲೇನಾಯ್ತು. ಚಿಕ್ಕಮ್ಮ ನಾಲ್ಕು ಹೆಜ್ಜೆ ಸುಮ್ಮನೆ ನಡೆದು, ಹಾಡನ್ನು ಬಿಟ್ಟ ಜಾಗದಿಂದಲೇ ಎತ್ತಿ, ಕೊನೆಯ ಚರಣವನ್ನು ತಾನೇ ಕಟ್ಟಿ ಮುಗಿಸುತ್ತಾಳೆ. ಅವನು ಆರನೇ ವಯಸ್ಸಿನವರೆಗೆ ಕೇಳಿದ ಯಾವ ಹಾಡಿಗೂ ಅವಳು ಕಟ್ಟಿದ್ದೇ ಕೊನೆ.

ಕಾರಿನ ಬಾಗಿಲು ಬಡಿದುಕೊಂಡಿತು. "ಏನ್ ಮೇಷ್ಟ್ರೇ, ರೋಡೇನ್ರಿ ನಿಮ್ದು! ಚನ್ನರಾಯಪಟ್ಟಣದಿಂದ ಹಾಸನಕ್ಕೆ ಅರ್ಧ ಗಂಟೆ, ಹಾಸನದಿಂದ ನಿಮ್ ಲೇಔಟಿಗೆ ಒಂದು ಗಂಟೆ" ಎಂದು ಸುದರ್ಶನ ಒಳಗೆ ಬಂದ. ತೆಂಗು, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪದ ಕುಳ. ಕೂತಲ್ಲಿ ಸೋಫಾ ತುಂಬುವ ಮನುಷ್ಯ. ಅವನ ಹಿಂದೆ, ಬ್ಯಾಂಕಿನಿಂದ ನಿವೃತ್ತರಾದ ತೆಳ್ಳನೆಯ ತಿರುನಾರಾಯಣರು, ಎದೆಗೆ ಮಗುವಿನ ಹಾಗೆ ಅವುಚಿಕೊಂಡ ಒಂದು ಪುಟ್ಟ ಪೆಟ್ಟಿಗೆ. "ಇವತ್ತಿನ ಬದಲಾವಣೆಗೆ ಇದು. ಜರ್ಮನಿಯದು ಶಶಿ. ನಿಮ್ಮ ಮನೇಲೇ ಮೊದಲ ಸಲ ಹಚ್ತಿರೋದು, ನಿಮ್ಮ ಕಿವಿ ಮೇಲೆ ಅಷ್ಟು ನಂಬಿಕೆ ನಂಗೆ." ಆ ಪ್ರೀತಿ ನಿಜವಾದದ್ದು, ಅದರಿಂದಲೇ ಶಶಿಕುಮಾರ ಅವರ ಮುಖ ನೋಡದೆ ತಟ್ಟೆಯ ಧೂಳು ಒರೆಸತೊಡಗಿದ. ಮೊದಲ ತೊಂಬತ್ತು ಸೆಕೆಂಡು ಮುಗಿಯಿತು. ಸೂಜಿ ಎತ್ತಿದರು. ಶುದ್ಧ ಲೈನಿನ ಎರಡು ಸಾಕೆಟ್ಟೂ ತುಂಬಿದ್ದವು. ಪುಟ್ಟ ಪೆಟ್ಟಿಗೆಯನ್ನು ತಂತಿಯಿಂದ ಆಂಪ್ಲಿಫೈಯರಿಗೆ ಸೇರಿಸಿ, ಅದರ ಪ್ಲಗ್ಗನ್ನು ಟೀವಿಯ ಪಕ್ಕದ ಮಾಮೂಲಿ ಸಾಕೆಟ್ಟಿಗೆ ಚುಚ್ಚಿದರು. ಎರಡನೆಯ ಸಲ ಸೂಜಿ ಇಳಿಸುವ ಮುಂಚೆಯೇ ಸ್ಪೀಕರಿನಿಂದ ಸದ್ದು ಬಂತು: ಗುಂಯ್ಯ್ಯ್. ದಪ್ಪ ದುಂಬಿಯೊಂದು ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ.

ತಿರುನಾರಾಯಣರ ಮುಖ ಬಾಡಿತು. ಮರೆತಿದ್ದ ಫ್ರಿಜ್ಜು ಆರಿಸಿದರು, ಗುಂಯ್. ಫ್ಯಾನು, ಗುಂಯ್. ಟೀವಿ, ಮೋಡೆಮ್ಮು, ದೇವರ ಫೋಟೋದ ಮುಂದಿನ ಕೆಂಪು ಬಲ್ಬು. ಸ್ನೇಹಲತಾ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ತನ್ನ ಮನೆ ಒಂದೊಂದಾಗಿ ಆರುವುದನ್ನು ನೋಡಿದಳು. "ಈ ಮನೇಲಿ ಇನ್ನೇನು ಆನ್ ಆಗಿದೆ?" ತಿರುನಾರಾಯಣರು ಕೇಳಿದರು. ಆಗ ಎಲ್ಲರಿಗೂ ಕೇಳಿಸಿತು. ಹಿತ್ತಲ ಕಡೆಯಿಂದ ಹಾಡು. ಶಶಿಕುಮಾರ ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. "ಅಟ್ಟದಿಂದ ನಾನೇ ಇಳಿಸ್ಕೊಟ್ಟೆ. ಮೂರ್ತಿಂಗ್ಳಿಂದ ಆ ಯಮ್ಮ ಗೋಡೆ ನೋಡ್ಕಂಡು ಕೂತಿದ್ರು." "ಅದೇ! ಅದೇ ಕೊಳೆ ಬಿಡ್ತಿರೋದು" ಎಂದು ಸುದರ್ಶನ ಎದ್ದೇಬಿಟ್ಟ. ಶಶಿಕುಮಾರ ಹಿಂದೆ ನಡೆದ. ತಾನು ತಡೆಯಲು ಹೋಗುತ್ತಿದ್ದೇನೋ ದಾರಿ ತೋರಿಸಲು ಹೋಗುತ್ತಿದ್ದೇನೋ ಅವನ ಕಾಲಿಗೆ ಗೊತ್ತಿರಲಿಲ್ಲ.

ಶೀಟಿನ ನೆರಳಲ್ಲಿ ಬಿತ್ತನೆಗೆಡ್ಡೆಯ ರಾಶಿ. ಚಿಕ್ಕಮ್ಮ, ಹಿಂದಿನ ಬೀದಿಯ ಧನಲಕ್ಷ್ಮಿ, ಇನ್ನಿಬ್ಬರು ಹೆಂಗಸರು ಸುತ್ತ ಕೂತು, ಒಂದೊಂದು ಹೋಳಿಗೂ ಎರಡೆರಡು ಮೊಳಕೆಯ ಕಣ್ಣು ಉಳಿಯುವ ಹಾಗೆ ಕೊಯ್ದು ಬೂದಿಯ ಮಂಕರಿಗೆ ಎಸೆಯುತ್ತಿದ್ದರು. ಕುಡುಗೋಲುಗಳು ಹಾಡಿನ ಲೆಕ್ಕಕ್ಕೇ ಇಳಿಯುತ್ತಿದ್ದವು. ಗೋಡೆಯ ಮೊಳೆಯಲ್ಲಿ ರೇಡಿಯೋ. "ಒಂದ್ನಿಮಿಷ ಕಣಮ್ಮ" ಎಂದ ಸುದರ್ಶನ, ತುಂಬ ಸ್ನೇಹದಿಂದ, ಯಾರ ಮುಖವನ್ನೂ ನೋಡದೆ ಕೈ ನೀಡಿ ಪ್ಲಗ್ಗು ಕಿತ್ತ. ಟಪ್.

ಎರಡನೆಯ ಚರಣ ಆಗಷ್ಟೇ ಮುಗಿದಿತ್ತು.

ಶಶಿಕುಮಾರನಿಗೆ ಹುಣಸೆಹೂವಿನ ವಾಸನೆ ಬಂದ ಹಾಗಾಯಿತು. ಧನಲಕ್ಷ್ಮಿ, "ಯಾರವ್ವಾ ಈವಯ್ಯ, ಕರೆಂಟಾಫೀಸ್ನೋನಾ?" ಎಂದಳು. ಚಿಕ್ಕಮ್ಮ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗೆಡ್ಡೆಯನ್ನು ಕೊಯ್ದಳು, ಹೋಳನ್ನು ಬೂದಿಗೆ ಎಸೆದಳು, ನಾಲ್ಕು ಹೆಜ್ಜೆಯಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಹಾಡನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಂಡಳು.

ಹೊತ್ತು ಮುಳುಗೋ ಮುಂಚೆ ಬತ್ತೀನಿ ಅಂದೋನೆ
ಹೊತ್ತ ಕಟ್ಟಾಕಿವ್ನಿ ಗೂಟಕ್ಕೆ, ಬಾ

ಒಡಕು ದನಿ, ಎಪ್ಪತ್ತು ವರ್ಷದ್ದು, ಬೂದಿ ಮೆತ್ತಿದ್ದು. ಶಶಿಕುಮಾರನ ತೋಳಿನ ಕೂದಲು ನಿಂತವು. ಎರಡು ವರ್ಷ ಆ ಸ್ಪಂಜಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕಾದರೂ ಒಂದು ಸಲವೂ ನಿಂತಿರದ ಕೂದಲು. ಹೆಂಗಸರು ದನಿಗೂಡಿಸಿದರು, ಕುಡುಗೋಲುಗಳು ಲೆಕ್ಕ ಹಿಡಿದವು. ಅವನು ಕೆಳಗೆ ನೋಡಿದ. ಹಿಮ್ಮಡಿ ಮಣ್ಣನ್ನು ತಟ್ಟುತ್ತಿತ್ತು, ಯಾರನ್ನೂ ಕೇಳದೆ, ಧೂಳೆಬ್ಬಿಸಿ. ತಟ್ಟಲಿ ಎಂದುಕೊಂಡ. ಎಂದುಕೊಂಡ ಕೂಡಲೇ ಎರಡು ಹಿಮ್ಮಡಿಯೂ ತಟ್ಟತೊಡಗಿದವು.

"ಶಶೀ, ಆ ಗುಂಯ್ ಅನ್ನೋ ಹಮ್ಮು ಇನ್ನೂ ಇದೆ!" ಒಳಗಿನಿಂದ ತಿರುನಾರಾಯಣರ ದನಿ.

ಇರುತ್ತದೆ. ಅವನಿಗೆ ನಗು ಬಂತು. ರೇಡಿಯೋ ಏನು ಮಾಡೀತು ಪಾಪ! ಒಂದೇ ಮನೆಯಲ್ಲಿ ಎರಡು ಅರ್ಥಿಂಗು, ಎರಡು ಭೂಮಿ ಮಾಡಿಟ್ಟಿದ್ದೇನೆ, ನನ್ನ ಪೆಟ್ಟಿಗೆಗೊಂದು, ಮಿಕ್ಕವರಿಗೊಂದು. ಒಂದಕ್ಕೂ ಇನ್ನೊಂದಕ್ಕೂ ತಂತಿ ತಾಗಿದ ಕ್ಷಣ ಗುಂಯ್ ಎನ್ನದೆ ಇನ್ನೇನು? ದ್ವಿತೀಯ ಪಿಯುಸಿ ಹುಡುಗರು ನಿದ್ದೆಗಣ್ಣಲ್ಲಿ ಹೇಳುವ ಉತ್ತರ. ಹೋಗಿ ಸರಿಪಡಿಸಬಹುದಿತ್ತು, ಒಂದು ನಿಮಿಷದ ಕೆಲಸ. ಹೋಗಲಿಲ್ಲ. ಹಾಡು ಮುಗಿದಿರಲಿಲ್ಲ.

ತಿರುನಾರಾಯಣರು ಹಿತ್ತಲ ಬಾಗಿಲಿಗೆ ಬಂದು, ಹೊಸಿಲ ಒಳಗೇ ನಿಂತರು. ಕೈಯಲ್ಲಿ ಚೀಟಿ, ಪೆನ್ನು. "ಏನಪ್ಪ, ಎಲ್ಲಾ ಇಲ್ಲೇ ಸೇರ್ಬಿಟ್ರಿ?" "ಚೀಟಿ ಬೇಡ ಸಾರ್" ಎಂದ ಶಶಿಕುಮಾರ. ದನಿ ತಾನಾಗಿಯೇ ಜೋರಾಗಿತ್ತು, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ. "ನಂಗೆ ಯಾವ ವ್ಯತ್ಯಾಸಾನೂ ಕೇಳ್ಸಿಲ್ಲ. ಹೋದ ತಿಂಗ್ಳೂ ಕೇಳ್ಸಿರ್ಲಿಲ್ಲ. ಗಾಳಿ ಅಂತ ಬರೆದಿದ್ದು ಸುಳ್ಳು. ನಿಮ್ಮ ಹುಬ್ಬು ನೋಡಿ ಬರೆದೆ." ಸುದರ್ಶನ ಪ್ಲಗ್ಗನ್ನು ಇನ್ನೂ ಕೈಯಲ್ಲೇ ಹಿಡಿದು, "ಏನ್ ಮೇಷ್ಟ್ರೇ, ಜೋಕಾ?" ಎಂದ. "ಅದನ್ನ ಇಲ್ಲಿ ಕೊಡಿ. ಇನ್ನೊಂದ್ಸಲ ಈ ಮನೇಲಿ ಯಾರ ಹಾಡಿಗೂ ನಡುವೆ ಕೈ ಹಾಕ್ಬೇಡಿ. ಆಮೇಲೆ, ನಮ್ಮಪ್ಪ ತಮಟೆ ಬಾರಿಸ್ತಿರ್ಲಿಲ್ಲ ಸುದರ್ಶನ್. ಬಾರಿಸಿದ್ರೆ ಹೆಮ್ಮೆಯಿಂದ ಹೇಳ್ತಿದ್ದೆ. ತೂಬು ಕಾಯ್ತಿದ್ದ. ನಿಮ್ಮಂಥೋರ ತೋಟಕ್ಕೂ ನೀರು ಬಿಟ್ಟಿರ್ತಾನೆ." ಇಷ್ಟೂ ಹೊತ್ತು ಅವನ ಕಾಲು ನಿಂತಿರಲಿಲ್ಲ.

ಹಾಡು ಮುಗಿಯಿತು. ತಿರುನಾರಾಯಣರು ಕನ್ನಡಕ ತೆಗೆದು ಒರೆಸಿಕೊಂಡರು. ಮನುಷ್ಯ ಹಾಡನ್ನು ಬಲ್ಲವರು, ಒಂದು ಕಾಲಕ್ಕೆ ಅದಕ್ಕಾಗಿಯೇ ಬದುಕಿದವರು. ಅನುಮಾನಿಸುತ್ತ, "ಆದ್ರೆ ಅಮ್ಮಾ, ಆ ಹಾಡಿನ ಕೊನೇ ಚರಣ ಹೀಗಿಲ್ವಲ್ಲ" ಎಂದರು.

ಚಿಕ್ಕಮ್ಮ ಆಗ ತಲೆ ಎತ್ತಿದಳು. "ಅದು ನಿಮ್ಮನೇಲಿ ಸಾಮಿ. ನಮ್ಮನೇಲಿ ಇಂಗೇ ಮುಗಿಯಾದು."

ಧನಲಕ್ಷ್ಮಿ ಕಿಸಕ್ಕೆಂದಳು. ತಿರುನಾರಾಯಣರೂ, ಆಶ್ಚರ್ಯ, ನಕ್ಕರು. ಸಣ್ಣಗೆ, ಹಲ್ಲು ಕಾಣದ ಹಾಗೆ. ಚಿಕ್ಕಮ್ಮ ಶಶಿಕುಮಾರನ ಕಡೆ ತಿರುಗಿದಳು. ಮೂರು ತಿಂಗಳಿಂದ ನೇರ ನೋಡಿರದ ಕಣ್ಣು. "ಏನ್ಲಾ ಮಗ ಅಂಗ್ ನಿಂತ್ಕಂಡೆ? ಆ ನಿನ್ ದೊಡ್ ಪೆಟ್ಗೇಲಿ ನನ್ ರೇಡಿಯಾ ಎಂಗ್ ಮಾತಾಡ್ತದೆ, ಒಸಿ ಕೇಳ್ಸ್ಲಾ. ಅಷ್ಟ್ ದಿನದಿಂದ ಅದ್ಕೆ ನೀರ್ ಉಯ್ದಿವ್ನಿ, ನಂಗೇನ್ ಕೊಟ್ಟೀಯೆ?"

ಸ್ನೇಹಲತಾ ಆಗಲೇ ಒಳಗೆ ನಡೆದಿದ್ದಳು. ಒಂದು ಸ್ಪೀಕರಿನ ತಲೆ ಅವಳು ಹಿಡಿದಳು, ಬುಡ ಅವನು. ಹೊಸಿಲು ದಾಟಿಸುವಾಗ ಮೂಲೆ ತಗುಲಿ ಬಣ್ಣ ಕಿತ್ತುಬಂತು. "ಅಯ್ಯೋ" ಎಂದವರು ತಿರುನಾರಾಯಣರು ಮಾತ್ರ. ಇನ್ನೊಂದು ಬಂತು. ಆಂಪ್ಲಿಫೈಯರು ಬಂತು, ಬಿತ್ತನೆಗೆಡ್ಡೆಯ ಖಾಲಿ ಮೂಟೆಯ ಮೇಲೆ ಕೂತಿತು. ಶೀಟಿನ ಮನೆಯ ಹಳೆಯ ಸಾಕೆಟ್ಟಿಗೆ ಒಂದು ಮುರುಕು ಬೋರ್ಡು ಎಳೆದು, ರೇಡಿಯೋದ ಪ್ಲಗ್ಗನ್ನೂ ಅದರ ಪಕ್ಕದಲ್ಲೇ ಆಂಪ್ಲಿಫೈಯರಿನದನ್ನೂ ಚುಚ್ಚಿದ. ರೇಡಿಯೋದ ಇಯರ್‌ಫೋನ್ ತೂತಿಗೆ ಆಂಪ್ಲಿಫೈಯರಿನ ತಂತಿ ಸಿಕ್ಕಿಸಿ ಕಿವಿ ತಿರುಚಿದ. ಮೊದಲು ಸೋಪಿನ ಜಾಹೀರಾತು ಗುಡುಗಿತು, ಕಾಗೆಗಳು ಎದ್ದವು, ಹೆಂಗಸರು ಕಿವಿ ಮುಚ್ಚಿಕೊಂಡು ನಕ್ಕರು. ಆಮೇಲೆ ಹಾಡು.

ಬೂದಿಗೈಗಳು ಕರಿಯ ಸ್ಪೀಕರಿನ ಮೈ ಮುಟ್ಟಿ ಮುಟ್ಟಿ ನೋಡಿದವು. "ಎದೆ ಬಡ್ಕಂಡಂಗೆ ಬಡ್ಕತದಲ್ಲವ್ವಾ ಇದು!" ಎಂದಳು ಧನಲಕ್ಷ್ಮಿ. ಐದೈದು ಬೆರಳಿನ ಬಿಳಿ ಗುರುತುಗಳು. ಶಶಿಕುಮಾರ ಒರೆಸಲಿಲ್ಲ. ಚಿಕ್ಕಮ್ಮನ ಪಕ್ಕ ಮಣ್ಣಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಕುಡುಗೋಲು ಕೈಗೆತ್ತಿಕೊಂಡ. ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರು ನಿಂತು ನೋಡಿದರು. ಸುದರ್ಶನ ಫೋನು ಕಿವಿಗಿಟ್ಟುಕೊಂಡು ಕಾರಿನ ಕಡೆ ಹೋದ; ಹೋಗುವಾಗ ಅವನ ಬೆರಳು ತೊಡೆಯ ಮೇಲೆ ಆಡುತ್ತಿದ್ದುದನ್ನು ಸ್ನೇಹಲತಾ ನೋಡಿದಳು. ಮೊದಲ ಚರಣ ಹೋಯಿತು, ಎರಡನೆಯದು ಹೋಯಿತು, ತೊಂಬತ್ತೊಂದನೆಯ ಸೆಕೆಂಡು ಯಾವಾಗ ಬಂದು ಹೋಯಿತೋ, ಕೊನೆಯ ಚರಣವೂ ಬಂತು, ರೇಡಿಯೋದವರದ್ದೇ ಕೊನೆ. ಚಿಕ್ಕಮ್ಮ ಅದನ್ನು ತಲೆ ಓರೆಮಾಡಿ ಪೂರಾ ಕೇಳಿ, "ಪರ್ವಾಗಿಲ್ಲ ಕಣ್ಲಾ, ಇದೂ ಚೆನ್ನಾಗೈತೆ" ಎಂದಳು.

ತಿರುನಾರಾಯಣರು ಯಾವಾಗಲೋ ಹೊಸಿಲು ಇಳಿದು, ಚಪ್ಪಲಿಯಿಲ್ಲದ ಕಾಲಲ್ಲಿ, ಸ್ಪೀಕರಿನ ಮುಂದೆ ಕಿವಿ ಬಾಗಿಸಿ ನಿಂತಿದ್ದರು. ತಟ್ಟನೆ ನೆಟ್ಟಗಾದರು.

"ಶಶಿ! ಹಮ್ಮು ಹೋಗಿದೆಯಲ್ಲಪ್ಪ!"

"ಹೌದಾ ಸಾರ್?" ಶಶಿಕುಮಾರ ಗೆಡ್ಡೆಯನ್ನು ತಿರುಗಿಸಿ ಕಣ್ಣು ಹುಡುಕುತ್ತಿದ್ದ. ಮುಂದಿನ ಹಾಡು ಶುರುವಾಗಿತ್ತು, ಕಾಲು ಅದರ ಹಿಂದೆ ಹೊರಟಾಗಿತ್ತು. "ನಾನು ಗಮನಿಸ್ಲೇ ಇಲ್ಲ."